ತೆರೆಯ ಕಳ್ಳ, ಕಾಡಿನ ಕಳ್ಳ

ಕಳ್ಳಸಾಗಣೆಗಾರರ ಚಿತ್ರವೆಂದರೆ ನಮಗೆ ಬಲು ಪ್ರೀತಿ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಸಿ.ಐ.ಡಿ. 999 ಆದ ಡಾ. ರಾಜಕುಮಾರರನ್ನು ಮೆಚ್ಚದವರುಂಟೆ? ಆದರೆ ವಿಧಿಯಾಟ ನೋಡಿ: 2000ದ ಜುಲೈ 30ರಂದು ಆ ನಾಯಕರನ್ನೇ ಗಂಧದ ಕಳ್ಳ ವೀರಪ್ಪನ್ ಗಾಜನೂರಿನಿಂದ ಹೊತ್ತೊಯ್ದು 108 ದಿನ ಕಾಡಿನಲ್ಲಿಟ್ಟ. ತೆರೆಯ ಕಳ್ಳ ಮೂರು ಗಂಟೆಯೊಳಗೆ ಸಿಕ್ಕಿಬೀಳುತ್ತಾನೆ. ಈತ ಗುಂಡಿಗೆ ಬಲಿಯಾದದ್ದು 2004ರಲ್ಲಿ.

ವೀರಪ್ಪನ್ನನ ಮೀಸೆಯನ್ನು ಮಕ್ಕಳೂ ಬಲ್ಲರು. ಅವನ ಶರಣಾಗತಿಯ ಮಾತನ್ನು ನಂಬಿ, ನಿರಾಯುಧರಾಗಿ ಹೋಗಿ, 1991ರಲ್ಲಿ ಹತರಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸರನ್ನು ಎಷ್ಟು ಮಂದಿ ಬಲ್ಲರು? ಸರ್ಕಾರ ಕೀರ್ತಿಚಕ್ರವನ್ನಿತ್ತಿತು, ನಾವು ನೆನಪನ್ನೂ ಇಟ್ಟುಕೊಂಡಿಲ್ಲ.

ರೋಮಾಂಚನ ಬೇಡವೆನ್ನುವುದಿಲ್ಲ. ಆದರೆ ನಮ್ಮ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಯಲ್ಲಿ ಕಲಿಯುವ ಗೆಳೆಯರು ನಾಳೆ ಚಿತ್ರ ತೆಗೆಯುವಾಗ, ಕೋವಿ ಹಿಡಿದವನಿಗಿಂತ ಬರಿಗೈಯಲ್ಲಿ ಹೋದವರನ್ನು ಮೊದಲು ನೆನೆಯಲಿ.