ಟೈಲ್ಸ್‌ಗೆ ಮೊದಲು ನೆಲ ನೋಡಿ

ಸೋದರಿಯರೇ, ನಮ್ಮ ಉಳ್ಳಾಲದ ಹಳೇ ಹೆಂಚಿನ ಮನೆಗಳಲ್ಲಿ ಅಡಿಯ ಹೊಯ್ಗೆ ಕೂತಲ್ಲಿ ಕಾವಿ ನೆಲ ತಗ್ಗಾಗಿರುತ್ತದೆ. ಅದರ ಮೇಲೇ ಟೈಲ್ಸ್ ಹಾಕಿಸುವವರು ಮೊದಲು ಒಂದು ಚೊಂಬು ನೀರು ಚೆಲ್ಲಿ, ನಿಂತಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ನಾಣ್ಯದಿಂದ ತಟ್ಟಿ; ಟೊಳ್ಳು ಸದ್ದು ಬಂದಷ್ಟನ್ನು ಒಡೆಸಲೇಬೇಕು. "ಅಂಟಿನಲ್ಲೇ ಸರಿಮಾಡ್ತೇನೆ ಅಮ್ಮಾ" ಎಂದು ಮೇಸ್ತ್ರಿ ಅಂದರೆ ಒಪ್ಪಬೇಡಿ. ಅಡಿ ಪೊಳ್ಳಾದ ಟೈಲ್ಸ್, ಗ್ಯಾಸ್ ಸಿಲಿಂಡರ್ ಕುಕ್ಕಿದರೆ ಬಿರಿಯುತ್ತದೆ, ದುಡ್ಡು ನಮ್ಮದಲ್ಲವೇ?

ನುಣುಪು ಕಾವಿಗೆ ಉಳಿಯಿಂದ ಕಚ್ಚು ಹೊಡೆಸಿ, ಧೂಳು ತೆಗೆದು, ಒಣಗಿದ ಮೇಲೆ ಪ್ರೈಮರ್ ಬಳಿದು, ಲೆವೆಲಿಂಗ್ ಪುಡಿ ಕಲಸಿ ಸುರಿಯುವುದು. ನೀರು ಚೀಲದಲ್ಲಿ ಬರೆದಷ್ಟೇ. ದೋಸೆಹಿಟ್ಟಿನ ಅಂದಾಜು ಇಲ್ಲಿ ನಡೆಯದು. ತಗ್ಗು ಎರಡಂಗುಲವಿದ್ದರೆ ಈ ಪುಡಿ ದುಬಾರಿ, ಸಿಮೆಂಟ್ ಗಾರೆಯೇ ಸಾಕು. ಗಾರೆಗೆ ಕಡಲ ಹೊಯ್ಗೆ ಮಾತ್ರ ಬೇಡವೇ ಬೇಡ, ಉಪ್ಪು ಬೆಳ್ಳಗೆ ಮೇಲೇಳುತ್ತದೆ. ಬಚ್ಚಲನ್ನು ಸಮತಟ್ಟು ಮಾಡಿಸಬೇಡಿ, ನೀರು ಹೋಗುವತ್ತ ಇಳಿಜಾರಿರಲಿ.