ಮನೆಯ ಪಾಲು, ನೆನಪಿನ ಪಾಲು

ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಹಂಡೆಯ ನೀರಿನಲ್ಲಿ ಮಿಂದು, ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದ ಒಡಹುಟ್ಟಿದವರನ್ನು ಬೇರೆ ಬೇರೆಯಾಗಿ ಕೂರಿಸಿ, ಅವರ ಬಾಲ್ಯದ ಮನೆಯನ್ನು ವರ್ಣಿಸಿರೆಂದು ಕೇಳಿದರೆ, ಎಷ್ಟು ಜನರೋ ಅಷ್ಟು ಮನೆಗಳ ವರ್ಣನೆ ದೊರೆಯುತ್ತದೆ. ಅಣ್ಣನ ಮನೆಯಲ್ಲಿ ಗೇಟು, ಕಾಂಪೌಂಡು, ಬೀದಿ ಇರುತ್ತವೆ. ಅಡುಗೆಮನೆಯ ಸುಳಿವೇ ಇರುವುದಿಲ್ಲ. ಅಕ್ಕನ ಮನೆಯಲ್ಲಿ ಒಲೆ, ಹಿತ್ತಿಲು, ನೆರೆಮನೆಯ ಹೊಸಿಲು ಇರುತ್ತವೆ. ಬೀದಿ ತಿರುವಿನಾಚೆ ಎತ್ತ ಹೋಗುತ್ತದೆಂಬುದು ಆಕೆಯ ಮಾತಿನಲ್ಲಿ ಬರುವುದಿಲ್ಲ. ಇವರಲ್ಲಿ ಯಾರೂ ಸುಳ್ಳು ಹೇಳುವವರಲ್ಲ. ಆಸ್ತಿ ಪಾಲಾಗುವುದಕ್ಕೆ ಬಹಳ ಮೊದಲೇ ನೆನಪು ಪಾಲಾಗಿ ಹೋಗಿರುತ್ತದೆ, ಅಷ್ಟೆ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಈ ಮಾತು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಕೇರಿಗಳಿಂದ ಜನ ದಿಕ್ಕಾಪಾಲಾದ ಮೇಲೆ, ಊರ ಹೊರಗಿನ ಬಯಲಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಜಯನಗರಕ್ಕೆ ಅಸ್ತಿಭಾರ ಬಿದ್ದಿತು. ನೇರವಾದ ಮೈನ್ ರಸ್ತೆಗಳು, ಅವನ್ನು ಅಡ್ಡಹಾಯುವ ಕ್ರಾಸುಗಳು, ಸಾಲುಮರಗಳು, ಮನೆಗೂ ಮನೆಗೂ ನಡುವೆ ಗಾಳಿ ಬೆಳಕಿಗೆ ಜಾಗ, ಮನೆಯ ಹಿಂದೆ ಹಿತ್ತಿಲು. ಹಳೆಯ ಬಡಾವಣೆಗಳಲ್ಲಿ ಹಿತ್ತಿಲಿನ ಹಿಂದೆ ಒಂದು ಕಿರಿದಾದ ಕನ್ಸರ್ವೆನ್ಸಿ ಓಣಿ. ಮಲ್ಲೇಶ್ವರದ ಸಂಪಿಗೆ ರಸ್ತೆಗೂ ಮಾರ್ಗೋಸಾ ರಸ್ತೆಗೂ ಮರಗಳದೇ ಹೆಸರು. ಮಾರ್ಗೋಸಾ ಎಂದರೆ ಬೇವು. ರೋಗಕ್ಕೆ ಅಂಜಿ ದೊಡ್ಡವರು ಎಳೆಸಿದ ನಕ್ಷೆಯೇ ಮುಂದೆ ಮಕ್ಕಳ ಬಾಲ್ಯದ ನಕ್ಷೆಯೂ ಆಯಿತು.

ಆ ನಕ್ಷೆಯಲ್ಲಿ ಗಂಡುಮಕ್ಕಳ ಪಾಲಿಗೆ ಬಂದುದು ಬೀದಿ. ಗೋಲಿ, ಬುಗುರಿ, ಚಿನ್ನಿದಾಂಡು, ಗಾಳಿಪಟ, ಕ್ರಿಕೆಟ್ಟು, ಹೀಗೆ ಋತುವಿಗೊಂದು ಆಟ. ಯಾವ ಮನೆಯ ಕಾಂಪೌಂಡಿನ ಒಳಗೆ ಚೆಂಡು ಬಿದ್ದರೆ ತಿರುಗಿ ಬರುತ್ತದೆ, ಯಾವ ಮನೆಯೊಳಗೆ ಬಿದ್ದರೆ ಬಾರದು, ಯಾವ ಹಿತ್ತಿಲಿನ ಸೀಬೆಮರದ ಕೊಂಬೆ ಗೋಡೆಯಿಂದಾಚೆಗೆ ಚಾಚಿದೆ, ಇವೆಲ್ಲ ಅವರಿಗೆ ಕಂಠಪಾಠ. ಆದರೆ ಆ ಮನೆಗಳ ಒಳಗೆ ಎಷ್ಟು ಕೋಣೆಗಳಿದ್ದವು, ಅಲ್ಲಿ ಯಾರು ಹಾಸಿಗೆ ಹಿಡಿದಿದ್ದರು ಎಂದು ಕೇಳಿದರೆ ಅವರಲ್ಲಿ ಉತ್ತರವಿಲ್ಲ. ಅವರು ಕಂಡುದು ಮನೆಗಳ ಮುಖವನ್ನು ಮಾತ್ರ.

ಮನೆಗಳ ಅಂತರಂಗವನ್ನು ಕಂಡವರು ಹೆಣ್ಣುಮಕ್ಕಳು. ಸಂಕ್ರಾಂತಿಯ ಸಂಜೆ ರೇಷ್ಮೆಲಂಗ ಉಟ್ಟು, ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಸಕ್ಕರೆ ಅಚ್ಚು, ಕಬ್ಬಿನ ತುಂಡುಗಳನ್ನು ಇಟ್ಟುಕೊಂಡು ಎಳ್ಳು ಬೀರಲು ಹೊರಟ ಹುಡುಗಿ ಬೀದಿಯ ಪ್ರತಿಯೊಂದು ಹೊಸಿಲನ್ನೂ ದಾಟಿದವಳು. ನವರಾತ್ರಿಯಲ್ಲಿ ಗೊಂಬೆ ನೋಡುವ ನೆವದಿಂದ ನಡುಮನೆಯವರೆಗೂ ಹೋಗಿ, ಹಾಡು ಹೇಳಿ, ಗೊಂಬೆ ಬಾಗಿನವನ್ನು ಪುಟ್ಟ ಡಬ್ಬಿಯಲ್ಲಿ ತುಂಬಿಕೊಂಡು ಬಂದವಳು. ಯಾವ ಮನೆಯಲ್ಲಿ ಸೊಸೆಯ ಕಣ್ಣು ಕೆಂಪಾಗಿತ್ತು, ಯಾರ ಮನೆಯ ಗೊಂಬೆಗಳ ಮೆಟ್ಟಿಲು ಒಂದು ವರ್ಷ ಇದ್ದಕ್ಕಿದ್ದಂತೆ ಬರಿದಾಗಿತ್ತು ಎಂಬುದು ಅವಳಿಗೆ ಗೊತ್ತು. ಬೀದಿಯ ಸುಖದುಃಖಗಳ ಚರಿತ್ರೆಕಾರಳು ಅವಳು. ಆದರೆ ಮದುವೆಯಾಗಿ ಹೋದ ದಿನವೇ ಆ ಚರಿತ್ರೆಯ ಕಡತವೂ ಅವಳೊಡನೆ ಊರು ಬಿಟ್ಟಿತು.

ತಾಯಿಯ ನೆನಪಿನದು ಮತ್ತೊಂದು ಬಗೆ. ಆಕೆಯ ಗಡಿಯಾರ ನಲ್ಲಿಯ ನೀರಿನ ಗಡಿಯಾರ. ಕಾವೇರಿಯ ನೀರು ಮೊದಲ ಹಂತದಲ್ಲಿ ನಗರಕ್ಕೆ ಹರಿದುಬಂದುದು 1974ರಲ್ಲಿ. ಅದಕ್ಕೆ ಮುಂಚೆ ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿಯ ಜಲಾಶಯಗಳೇ ಊರಿನ ಆಧಾರ. ಮಳೆ ಕೈಕೊಟ್ಟ ವರ್ಷ ಕೊಡ, ಬಕೆಟ್ಟು, ಕೊಳದಪ್ಪಲೆಗಳೆಲ್ಲ ಸಾಲುಗಟ್ಟಿ ನಿಲ್ಲುತ್ತಿದ್ದವು. ಮಕ್ಕಳು ‘ಎಷ್ಟು ಸೊಗಸಾದ ಕಾಲ’ ಎಂದು ಕೊಂಡಾಡುವ ಆ ವರ್ಷಗಳನ್ನು ತಾಯಿ ನೆನೆಯುವುದು ಬೆಳಗಿನ ಜಾವದ ನೀರು, ತಿಂಗಳ ಕೊನೆಯ ಕೈಸಾಲ, ಒದ್ದೆ ಸೌದೆಯ ಹೊಗೆ ಇವುಗಳ ಮೂಲಕ. ಮಕ್ಕಳ ಬಾಲ್ಯ ಹಗುರವಾಗಿದ್ದುದು ಅದರ ಭಾರವನ್ನು ಮತ್ತೊಬ್ಬರು ಹೊತ್ತಿದ್ದರಿಂದ.

ಭಾರ ಹೊತ್ತವರಲ್ಲಿ ಯಾವ ಕುಟುಂಬದ ಆಲ್ಬಮ್ಮಿನಲ್ಲಿಯೂ ಕಾಣದ ಒಬ್ಬರಿದ್ದಾರೆ. ಹಿತ್ತಿಲಿನಾಚೆಯ ಆ ಓಣಿ ಇದ್ದುದು ಕಕ್ಕಸನ್ನು ಶುಚಿಗೊಳಿಸಲು ಬರುವವರಿಗಾಗಿ. ಮುಂಬಾಗಿಲಿನ ಬೀದಿಯಲ್ಲಿ ಅವರು ಕಾಣಬಾರದೆಂದೇ ಹಿಂದೊಂದು ದಾರಿ. ಒಳಚರಂಡಿ ಬರುವವರೆಗೆ ಬಡಾವಣೆಯ ನೈರ್ಮಲ್ಯವೆಲ್ಲ ಅವರ ತಲೆಯ ಮೇಲೆ ಸಾಗಿತು. 1970ರ ದಶಕದ ಮೊದಲ ವರ್ಷಗಳಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಸಂಸತ್ತಿನ ಕಾಯಿದೆಗಳು ಬಂದುದು 1993ರಲ್ಲಿ, ಮತ್ತೆ 2013ರಲ್ಲಿ. ನೆರೆಮನೆಯ ನಾಯಿಯ ಹೆಸರನ್ನು ಐವತ್ತು ವರ್ಷಗಳ ಬಳಿಕವೂ ಹೇಳಬಲ್ಲವರು, ದಿನವೂ ತಮ್ಮ ಹಿತ್ತಿಲಿನ ಬಾಗಿಲಿಗೆ ಬಂದ ಆ ಮನುಷ್ಯರ ಹೆಸರನ್ನು ಹೇಳಲಾರರು. ಅವರ ಮಕ್ಕಳೂ ಅದೇ ಊರಿನಲ್ಲಿ ಬಾಲ್ಯ ಕಳೆದವರೇ. ಆ ಬಾಲ್ಯದ ವರ್ಣನೆಯಲ್ಲಿ ಇದೇ ಮನೆ ಹೇಗೆ ಕಂಡೀತೆಂಬುದನ್ನು ಓದುಗರು ಒಮ್ಮೆ ಯೋಚಿಸಬೇಕು.

ಈಗ ಆ ಮನೆಗಳು ಒಂದೊಂದಾಗಿ ಬೀಳುತ್ತಿವೆ. ತಂದೆ ತೀರಿಕೊಂಡ ಮೇಲೆ ಮಕ್ಕಳು ಕೂಡುತ್ತಾರೆ. ಜಂಟಿ ಅಭಿವೃದ್ಧಿಯ ಕರಾರು ಸಿದ್ಧವಾಗುತ್ತದೆ. ಯಾರಿಗೆ ಎಷ್ಟು ಚದರಡಿ ಎಂಬ ಲೆಕ್ಕ ನಡೆಯುತ್ತದೆ. ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಹೇಳಿತ್ತು. ಆದರೂ ಕುಟುಂಬದವರು ವಾಸವಾಗಿರುವ ಮನೆಯನ್ನು ಗಂಡುಮಕ್ಕಳು ವಿಭಾಗಿಸಿಕೊಳ್ಳಲು ಮುಂದಾಗುವವರೆಗೂ ಮಗಳು ವಿಭಾಗವನ್ನು ಕೇಳುವಂತಿರಲಿಲ್ಲ. ಆ ನಿರ್ಬಂಧವನ್ನು ತೆಗೆದುಹಾಕಿದುದು 2005ರ ತಿದ್ದುಪಡಿ. ಹೀಗೆ ಗೋಡೆ ನೆಲಗಳ ಪಾಲನ್ನು ಕಾನೂನು ಸರಿಪಡಿಸಿತು. ನೆನಪಿನ ಪಾಲನ್ನು ಸರಿಪಡಿಸುವ ಕಾನೂನು ಯಾವುದೂ ಇಲ್ಲ. ಅದನ್ನು ಮನೆಯವರೇ ಮಾಡಬೇಕು.

ಆದುದರಿಂದ ಹಾರೆ ಗುದ್ದಲಿಗಳು ಬರುವುದಕ್ಕೆ ಮೊದಲು ಒಂದು ಮಧ್ಯಾಹ್ನ ಎಲ್ಲರೂ ಆ ಮನೆಯಲ್ಲಿ ಕೂಡುವುದು ಒಳ್ಳೆಯದು. ಕಾಗದದ ಮೇಲೆ ಮನೆಯ ನಕ್ಷೆಯನ್ನು ಬರೆದು, ಯಾವ ಮೂಲೆಯಲ್ಲಿ ಏನಿತ್ತು, ಯಾರು ಎಲ್ಲಿ ಮಲಗುತ್ತಿದ್ದರು, ಬಾವಿಯನ್ನು ಯಾವ ವರ್ಷ ಮುಚ್ಚಿದರು ಎಂದು ಗುರುತು ಹಾಕುತ್ತ ಹೋಗಲಿ. ಮೊದಲು ಮಾತನಾಡಬೇಕಾದವರು ಅಕ್ಕತಂಗಿಯರು. ತಾಯಿ ಇದ್ದರೆ ಎಲ್ಲರಿಗಿಂತ ಮೊದಲು ತಾಯಿ. ಅಣ್ಣಂದಿರು ಆ ಒಂದು ದಿನವಾದರೂ ನಡುವೆ ಬಾಯಿಹಾಕದೆ ಬರೆದುಕೊಳ್ಳುವ ಕೆಲಸವನ್ನು ಮಾಡಲಿ. ಮೊಮ್ಮಕ್ಕಳೂ ಅಲ್ಲಿರಲಿ. ಹಿತ್ತಿಲಿನಾಚೆಯ ಓಣಿಯನ್ನೂ ನಕ್ಷೆಯಲ್ಲಿ ಬರೆಯಲು ಮರೆಯದಿರಲಿ. ಅಲ್ಲಿ ನಡೆದವರ ಹೆಸರು ಯಾರಿಗೂ ನೆನಪಾಗದಿದ್ದರೆ, ಆ ಜಾಗವನ್ನು ಹಾಗೆಯೇ ಖಾಲಿ ಬಿಡಲಿ. ಮೊಮ್ಮಗು ಅದೇಕೆ ಖಾಲಿ ಎಂದು ಕೇಳಿದಾಗ ಹಿರಿಯರು ಕೊಡುವ ಉತ್ತರವೂ ಆ ಮನೆಯ ಚರಿತ್ರೆಗೆ ಸೇರಿದುದೇ.