ಬೀಗದ ಕೈ ಅಂಚೆಯಲ್ಲಿ ಬರುತ್ತಂತೆ!

1960ರ ‘ದಿ ಅಪಾರ್ಟ್‌ಮೆಂಟ್’ ಚಿತ್ರದಲ್ಲಿ ಜಾಕ್ ಲೆಮನ್ ತನ್ನ ಮನೆಯ ಬೀಗದ ಕೈಯನ್ನು ಸಾಹೇಬರುಗಳಿಗೆ ಕೊಟ್ಟು ತಾನು ಚಳಿಯಲ್ಲಿ ನಡುಗುತ್ತಾನಲ್ಲ, ಅದನ್ನು ನೋಡಿ ನನ್ನ ಗೆಳೆಯನೊಬ್ಬ ಬಿದ್ದು ಬಿದ್ದು ನಕ್ಕಿದ್ದ. ಈಗ ಬರ್ಲಿನ್‌ನಲ್ಲಿ ಅವನಿಗೇ ಮನೆಯಿಲ್ಲ!

ಮೊನ್ನೆ ರಾತ್ರಿ ಫೋನ್ ಮಾಡಿದ. ಒಂದು ಮನೆ ನೋಡೋಕೆ ಮೆಟ್ಟಿಲುದ್ದಕ್ಕೂ ಕ್ಯೂ ಅಂತೆ, ಥೇಟ್ ಮೊದಲ ದಿನದ ಮೊದಲ ಆಟ. ಸಂಬಳದ ಚೀಟಿ ತೋರಿಸಬೇಕು, ಸಾಲಗೀಲ ಸರಿಯಾಗಿ ತೀರಿಸ್ತಾನೆ ಅನ್ನೋ ‘ಶೂಫಾ’ ಕಾಗದ ಬೇರೆ. ನಿನ್ನೆ ವಿಮಾನ ಇಳಿದವನಿಗೆ ಅಲ್ಲಿ ಸಾಲದ ಚರಿತ್ರೆ ಎಲ್ಲಿಂದ ಬರಬೇಕು ಸ್ವಾಮಿ? ಇನ್ನು ಎಷ್ಟೋ ಮನೆಗಳಲ್ಲಿ ಅಡಿಗೆಮನೆ ಅಂದ್ರೆ ಬರೀ ಗೋಡೆ. ಒಲೆ, ಸಿಂಕು ಎಲ್ಲಾ ಹಿಂದಿನವನು ಕಿತ್ಕೊಂಡು ಹೋಗಿರ್ತಾನೆ!

ಕೊನೆಗೊಬ್ಬ ‘ಮಾಲೀಕ’ ಸಿಕ್ಕನಂತೆ. “ನಾನು ಪರದೇಶದಲ್ಲಿದ್ದೀನಿ, ಅಡ್ವಾನ್ಸ್ ಕಳಿಸು, ಬೀಗದ ಕೈ ಅಂಚೆಯಲ್ಲಿ ಬರುತ್ತೆ” ಅಂದನಂತೆ.

“ಲೋ, ಮನೆಯೊಳಗೆ ಕಾಲಿಟ್ಟಿದ್ದೀಯಾ?”

“ಫೋಟೋ ನೋಡಿದ್ದೀನಿ.”

ಮೈ ಉರೀತು. ಜರ್ಮನ್ ಕಾನೂನಿನಲ್ಲಿ ಅಡ್ವಾನ್ಸು ಮೂಲ ಬಾಡಿಗೆಯ ಮೂರು ತಿಂಗಳಿಗೆ ಮೀರುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು, ಮೊದಲ ಕಂತು ಬಾಡಿಗೆ ಶುರುವಾದಾಗ. (ಹತ್ತು ತಿಂಗಳು ತೆತ್ತು ಪಳಗಿದ ಬೆಂಗಳೂರಿನವರು ನಂಬಲಾರರು!) ಇದನ್ನೆಲ್ಲ ಒದರಿದೆ. ಆ ಕಡೆ ಉಸಿರಿಲ್ಲ.

“ಅಪ್ಪ ಅಡಿಕೆ ಮಾರಿ ಕಳಿಸಿದ್ದ ದುಡ್ಡು ಕಣೋ... ಅರ್ಧ ಕಳಿಸಿಬಿಟ್ಟೆ.”